ಕೆಂಪು ಕಂಬಳಿ, ನಾರಿನ ಹಗ್ಗ

ನಾನು ಓಡಿಸುತ್ತಿದ್ದ ಆಸ್ಪತ್ರೆಯ ವ್ಯಾನಿನಲ್ಲಿ, ಸೀಟಿನ ಹಿಂದೆ, ಒಂದು ಕೆಂಪು ಕಂಬಳಿಯೂ ಒಂದು ನಾರಿನ ಹಗ್ಗವೂ ಇರುತ್ತಿದ್ದವು. ತಲೆ ಕೆಟ್ಟು ಬೀದಿಗಿಳಿದವರನ್ನು ತರಲು ಹೊರಟಾಗ, ಎರಡರಲ್ಲಿ ಯಾವುದು ಕೆಳಗಿಳಿಯಬೇಕೆಂದು ಕಾಂಪೌಂಡರ್ ಶೇಷಗಿರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಹೇಳಿಬಿಡುತ್ತಿದ್ದರು. ರೋಗಿಯನ್ನು ನೋಡಿರುತ್ತಿರಲಿಲ್ಲ. "ಯಾರ ಪೈಕಿ?" ಎಂದು ಕೇಳಿದರೆ ಅವರಿಗೆ ಸಾಕಾಗುತ್ತಿತ್ತು.

ಒಂದು ಸೋಮವಾರ ಜವಳಿ ಸಾಹುಕಾರರ ಮಗ ಕತ್ತಿ ಹಿಡಿದು ಪೇಟೆಯ ನಡುವೆ ನಿಂತಿದ್ದ. ಒಬ್ಬನ ತೋಳನ್ನು ಆಗಲೇ ಕೊಯ್ದಿದ್ದ. "ಹಗ್ಗ ಮುಟ್ಟಬೇಡ. ಒಳ್ಳೇ ಮನೆ ಹುಡುಗ, ಮನಸ್ಸಿಗೆ ಪೆಟ್ಟಾಗಿದೆ" ಎಂದರು ಶೇಷಗಿರಿ. ಡಾಕ್ಟರೇ ಬಂದು ಒಂದು ಗಂಟೆ ಮಾತಾಡಿಸಿದರು. ಹುಡುಗ ಕತ್ತಿ ಕೆಳಗಿಟ್ಟ. ಕಂಬಳಿ ಹೊದಿಸಿ ಮದುಮಗನ ಹಾಗೆ ಕರೆತಂದೆವು. ಅದು ಸರಿ. ಹಾಗೆಯೇ ಮಾಡಬೇಕು.

ಗುರುವಾರ ಬೆಳಿಗ್ಗೆ ಮತ್ತೆ ಕರೆ ಬಂತು. ಮೂಟೆ ಹೊರುವ ಬಸ್ತ್ಯಾಂವ ಎಂಬ, ಕಾಡಂಚಿನ ಸಿದ್ದಿ ಜನಾಂಗದವನು, ಹಿಂದಿನ ವಾರ ಸತ್ತ ಮಗಳನ್ನು ಕೂಗುತ್ತ, ನಿಲ್ದಾಣಕ್ಕೆ ಬಂದ ಬಸ್ಸಿಗೆಲ್ಲ ಹತ್ತಿ ಹುಡುಕುತ್ತಿದ್ದ. ಕೈಯಲ್ಲಿದ್ದದ್ದು ಮಗುವಿನ ಒಂದು ಚಪ್ಪಲಿ.

"ಸಿದ್ದಿಯಾ? ಹಗ್ಗ ತಗೋ. ಇಬ್ಬರು ಪೊಲೀಸರನ್ನೂ ಹತ್ತಿಸ್ಕೋ" ಎಂದರು ಶೇಷಗಿರಿ. "ಆ ಜನಕ್ಕೆ ನಾಲ್ಕಾಳಿನ ಬಲ. ನೋವೂ ತಿಳಿಯೋದಿಲ್ಲ."

"ಡಾಕ್ಟರು ಬರೋದಿಲ್ವಾ?"

"ಕಟ್ಟಿ ತಂದ ಮೇಲೆ ನೋಡ್ತಾರೆ."

ನಾವು ಹೋದಾಗ ಅವನ ಅಕ್ಕ ರೋಜಿನಾ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಬೆನ್ನು ಸವರುತ್ತಿದ್ದಳು. ಅವನು ಸುಮ್ಮನಾಗಿದ್ದ.

"ಅಣ್ಣಾ, ಹಗ್ಗ ಬೇಡ. ನಾ ಕರದ್ರೆ ಬರ್ತಾನೆ" ಎಂದಳು ನನಗೆ. "ಮೊನ್ನೆ ಸಾವ್ಕಾರ್ರ ಮಗಂಗೆ ಹೊದಿಸಿದ್ರಲ್ಲ, ಆ ಕಂಬಳಿ ಕೊಡು. ಇವನ ಮೈ ನಡುಗ್ತದೆ."

"ಕಾಡಿಂದ ಇಳಿದು ಬಂದು ಕಂಬಳಿ ಕೇಳ್ತಾಳಲ್ಲಪ್ಪ" ಎಂದ ಒಬ್ಬ ಪೊಲೀಸ್. ಸುತ್ತ ನಿಂತವರು ನಕ್ಕರು.

ಅವನನ್ನು ಕವುಚಿ ಕೆಡವಿದರು. ಆಗ ಒದ್ದಾಡಿದ. ಯಾರಾದರೂ ಒದ್ದಾಡುತ್ತಾರೆ. "ನೋಡಿದ್ಯಾ ಬಲ?" ಎಂದ ಅದೇ ಪೊಲೀಸ್.

ಗಂಟು ಹಾಕಿದವನು ಮಾತ್ರ ನಾನು. ಎತ್ತು ಕಟ್ಟಿ ಬೆಳೆದವನಿಗೆ, ಎಳೆದಷ್ಟೂ ಬಿಗಿಯುವ ಗಂಟು ಚೆನ್ನಾಗಿ ಗೊತ್ತಿತ್ತು. "ಕೈ ಸತ್ತೋಗ್ತದೆ ಅಣ್ಣಾ, ಸ್ವಲ್ಪ ಸಡ್ಲ ಮಾಡು" ಎಂದು ವ್ಯಾನಿನಲ್ಲಿ ಜೊತೆಗೆ ಬಂದ ರೋಜಿನಾ ದಾರಿಯುದ್ದಕ್ಕೂ ಹೇಳಿದಳು. ನೋವು ತಿಳಿಯದ ಜನವೆಂದು ನಾನೂ ನಂಬಿದ್ದೆ. ವ್ಯಾನ್ ನಿಲ್ಲಿಸಲಿಲ್ಲ.

ಡಾಕ್ಟರು ಬಂದು ಹಗ್ಗ ಬಿಚ್ಚಿಸಿದಾಗ ಸಂಜೆಯಾಗಿತ್ತು. ಬಲಗೈ ಮರದ ತುಂಡಿನಂತಿತ್ತು. "ಮೈ ಕಪ್ಪು ನೋಡಿ, ಕೈ ನೀಲಿಗಟ್ಟಿದ್ದು ಗೊತ್ತೇ ಆಗಲಿಲ್ಲ" ಎಂದರು ಶೇಷಗಿರಿ. ಡಾಕ್ಟರು ಹೂಂಗುಟ್ಟಿದರು.

ತಿಂಗಳೊಳಗೆ ಅವನ ಮನಸ್ಸು ತಿಳಿಯಾಯಿತು. ಕೈಗೆ ಜೀವ ಬರಲಿಲ್ಲ. ಮೂಟೆ ಹೊರುವುದು ಅಲ್ಲಿಗೆ ಮುಗಿಯಿತು.

ಅವನನ್ನು ಮನೆಗೆ ಬಿಡಲು ಹೋದ ದಿನ, ನಾನು ಕಂಬಳಿ ತೆಗೆದು ಅವನ ಹೆಗಲಿಗೆ ಹೊದಿಸಿದೆ. ಇಳಿಯುವಾಗ ರೋಜಿನಾ ಅದನ್ನು ಅವನ ಮೈಯಿಂದ ತೆಗೆದಳು; ಅಂಚು ಕೂಡಿಸಿ ನಿಧಾನವಾಗಿ ಮಡಚಿದಳು.

"ಈಗ ಚಳಿ ಇಲ್ಲ" ಎಂದು, ಸೀಟಿನ ಹಿಂದೆ, ಹಗ್ಗದ ಮೇಲೆ ಇಟ್ಟಳು.