ಬುಧವಾರದ ಪಾಠ

ಕಾರಿಡಾರಿನ ಫ್ಯಾನು ಸುತ್ತಿಗೊಮ್ಮೆ ಟಕ್ ಎನ್ನುತ್ತದೆ, ಟಕ್, ಇಷ್ಟು ದೊಡ್ಡ ಕೋರ್ಟಿಗೆ ಒಂದು ಹನಿ ಎಣ್ಣೆಗೆ ಗತಿಯಿಲ್ಲವೇ, ಎಂದುಕೊಳ್ಳುತ್ತಾಳೆ ಅಕ್ಕ, ತೊಡೆಯ ಮೇಲೆ ತಮ್ಮನ ಬಟ್ಟೆಯ ಚೀಲ — ಎರಡು ಅಂಗಿ, ಇಸ್ತ್ರಿ ಮಾಡಿದ್ದು, ಇವತ್ತು ಮನೆಗೆ ಬಂದೇ ಬರುತ್ತಾನೆಂದು ಬೆಳಿಗ್ಗೆ ಅವನ ಹಾಸಿಗೆಯನ್ನೂ ಬಿಸಿಲಿಗೆ ಹಾಕಿ ಬಂದವಳು, ಅದನ್ನು ಈಗ ಯಾರಿಗಾಗಿ ಒಳಗೆ ತರಬೇಕು. ಏನಮ್ಮಾ ನೀವು, ಎಂದರು ವಕೀಲರು, ಕೆಲಸ ಕೆಡಿಸಿಬಿಟ್ರಲ್ಲ, ಅವನಿಗೆ ಏನೂ ತಿಳಿಯಲ್ಲ ಅಂತಾಗಿದ್ರೆ ವಿಚಾರಣೆ ಅಲ್ಲೇ ನಿಲ್ತಿತ್ತು, ನಿಮ್ಮ ಸುಪರ್ದಿಗೇ ಕೊಡಿ ಅಂತ ಕೇಳೋಣ ಅಂತಿದ್ದೆ, ಈಗ ನೋಡಿ, ಎಲ್ಲಾ ತಿಳಿಯುತ್ತೆ ಅಂತ ಜಡ್ಜು ಬರೆದುಕೊಂಡ್ರು, ಇನ್ನು ಆಸ್ಪತ್ರೆಯೂ ಇಲ್ಲ, ಜೈಲೇ. ಮೊದಲೇ ಬಾಯಿ ಬಿಡಬಾರದಿತ್ತೇ ಈ ಮನುಷ್ಯ — ಇಲ್ಲ, ಅವಳೇ ಅವರನ್ನು ಕೇಳಲಿಲ್ಲ, ಹೋದ ಸಲ ಹುಚ್ಚಾಸ್ಪತ್ರೆಯ ಬೀಗದ ವಾರ್ಡಿನಲ್ಲಿ ಡಾಕ್ಟರು ಪ್ರಶ್ನೆ ಕೇಳಿದಾಗ ತಮ್ಮ ಪಿಳಿಪಿಳಿ ಕಣ್ಣು ಬಿಟ್ಟನಂತೆ, ಅದಕ್ಕೇ ಅವನನ್ನು ಮನೆಗೆ ಬಿಡಲಿಲ್ಲ ಎಂದುಕೊಂಡಳು, ಫೇಲಾದ ಮಗುವನ್ನು ಎದುರಿಗೆ ಕೂರಿಸಿಕೊಂಡು ತಿದ್ದಿಸುವುದು ಬಿಟ್ಟರೆ ಅವಳಿಗೆ ಇನ್ನೇನು ಗೊತ್ತು, ಇಪ್ಪತ್ತು ವರ್ಷದಿಂದ ಒಂದನೇ ತರಗತಿಯ ಟೀಚರು, ಹನ್ನೊಂದು ಬುಧವಾರ, ಭೇಟಿಯ ಅರ್ಧ ಗಂಟೆ, ಜಾಲರಿಯ ಆಚೆ ಅವನು ಈಚೆ ಅವಳು, ಜಡ್ಜು ಯಾರು ಪುಟ್ಟಾ, ತೀರ್ಪು ಕೊಡೋರು, ವಕೀಲರು ಯಾರು, ನನ್ನ ಪರ ಮಾತಾಡೋರು, ನೀನೇನು ಮಾಡಿದೆ, ಕಲ್ಲು ಹೊಡೆದೆ, ಎದುರುಮನೆ ತಾತನ ಕಣ್ಣು ಹೋಯ್ತು, ಮೊದಲು ಕೈ ಎತ್ತು, ಆಮೇಲೆ ಹೇಳು, ಜಾಣ — ನಲವತ್ತು ತುಂಬಿದ ಜಾಣ, ಯಾಕೆ ಹೊಡೆದೆ ಅಂದರೆ ಈಗಲೂ ಆ ತಾತ ನಮ್ಮ ಗೋಡೆಯೊಳಗೆ ಕೂತು ಬೈತಾನೆ ಅನ್ನುತ್ತಾನೆ, ಆ ಒಂದು ಪ್ರಶ್ನೆ ಮಾತ್ರ ಇವತ್ತು ಯಾರೂ ಕೇಳಲಿಲ್ಲ.

ಜಡ್ಜು ಕೇಳಿದ್ದೆಲ್ಲ ಅವಳು ಹೇಳಿಕೊಟ್ಟದ್ದೇ, ಒಂದೊಂದಕ್ಕೂ ಕೈ ಎತ್ತಿದ, ಒಂದಕ್ಷರ ತಪ್ಪದೆ ಒಪ್ಪಿಸಿದ, ಒಪ್ಪಿಸಿ ಅವಳತ್ತ ತಿರುಗಿದ, ಅಯ್ಯೋ, ಅವಳೂ ನಕ್ಕು ತಲೆಯಾಡಿಸಿದಳಲ್ಲ, ಹೆಮ್ಮೆಯಿಂದ ಕಣ್ಣು ತುಂಬಿತ್ತಲ್ಲ, ಆಮೇಲೆ ಆದ ತಪ್ಪು ಗೊತ್ತಾಗಿ ಎದ್ದು ನಿಂತು ನಾನೇ ಕಲಿಸಿದ್ದು ಸ್ವಾಮೀ ಎಂದರೆ, ಕೂತ್ಕೊಳ್ಳಮ್ಮ, ಕೂತ್ಕೊ, ಎಂದರು ಜಡ್ಜು. ಅಕ್ಕಾ, ಎಲ್ಲಾ ಸರಿ ಹೇಳ್ದೆ, ಮನೆಗೆ ಹೋಗೋಣ್ವಾ, ಎಂದ ತಮ್ಮ, ಪೊಲೀಸಿನವನು ತೋಳು ಹಿಡಿದ ಮೇಲೂ, ಹೂಂ ಎಂದುಬಿಟ್ಟಳು. ಟಕ್, ಟಕ್, ಮನೆಗೆ ಹೋದರೆ ತಾನೇ ಬೀಗ ತೆಗೆಯಬೇಕು, ತಾನೊಬ್ಬಳೇ ಉಣ್ಣಬೇಕು, ಬುಧವಾರಕ್ಕೆ ಇನ್ನು ಹೇಳಿಕೊಡುವುದೇನೂ ಉಳಿದಿಲ್ಲ, ಕಿಟಕಿಯ ಕೆಳಗೆ ಪೊಲೀಸ್ ವ್ಯಾನು ಹೊರಟಿತು, ಜಾಲರಿಯ ಹಿಂದೆ ನಾಲ್ಕು ತಲೆ, ಮೂವರು ಜಾಲರಿ ಹಿಡಿದುಕೊಂಡಿದ್ದಾರೆ, ಒಂದು ಕೈ ಮಾತ್ರ ಮೇಲೆ, ನೆಟ್ಟಗೆ, ಇಳಿಸು ಎಂದು ಅವಳು ಹೇಳಿಕೊಟ್ಟೇ ಇರಲಿಲ್ಲ, ಕೈ, ಆ ಕೈ, ಎತ್ತಿದ್ದು ಎತ್ತಿದ ಹಾಗೇ —