ಟೊಂಕಕ್ಕ ಕಟ್ಟಿದ ಬುರುಡಿ

ಸಾಂಗ್ಲಿ ಸಂಸ್ಥಾನದಾಗ, ಕೃಷ್ಣಾ ಹೊಳಿ ಘಾಟಿನ ಮ್ಯಾಲೆ ಈಜು ಕಲಸಾಕ ಹತ್ತಿ ನನಗ ಮೂವತ್ತು ವರ್ಷ ಆತು. ಮಿರಜಿಯ ಸಿತಾರ ಮಾಡೋರು ಬ್ಯಾಡಂತ ಬಿಟ್ಟ ಒಣ ಕುಂಬಳದ ಬುರುಡಿ ತಂದು, ಕಲಿಯೋರು ಮುಳುಗದಂಗ ಬೆನ್ನಿಗೆ ಕಟ್ಟಸತೇನಿ. ಹೊಸಬರಿಗೆ ದೊಡ್ಡದು, ಕೈಕಾಲು ಪಳಗಿದವರಿಗೆ ಸಣ್ಣದು, ಹೊಳಿಗೆ ಸೆಳವು ಬಂದ್ರ ದಪ್ಪ ತೊಗಟಿದು. ಬುರುಡಿ ಆರಿಸೋದ್ರಾಗ ಈ ಕಾಡಪ್ಪ ಎಂದೂ ತಪ್ಪಿದವನಲ್ಲ.

ಅರಿಷಿಣದ ವ್ಯಾಪಾರಿ ಗುರುಸಿದ್ಧಪ್ಪ ಸಾವಕಾರರಿಗೆ ಹತ್ತು ಬುರುಡಿ ಬಡದು ನೋಡಿ, ಎಲ್ಲಾದಕ್ಕಿಂತ ದೊಡ್ಡದು ಕೊಟ್ಟೆ. "ಬೆನ್ನಿಗಿಟ್ಟು ಎದಿ ಮ್ಯಾಲೆ ಹಗ್ಗ ಬಿಗೀರಿ," ಅಂದು ಇನ್ನೊಬ್ಬರ ಬುರುಡಿ ನೋಡಾಕ ಆ ಕಡೆ ತಿರುಗಿದೆ.

ಧಡಲ್ ಅಂತ ಸಪ್ಪಳಾತು. ಹೊಳ್ಳಿ ನೋಡಿದೆ. ನೀರಿನ ಮ್ಯಾಲೆ ಬುರುಡಿ ಇತ್ತು, ಎರಡು ಕಾಲು ಇದ್ದವು. ತಲಿನ ಇರಲಿಲ್ಲ! ಅಂಗಿ ಸಮೇತ ಜಿಗದು ದಂಡಿಗೆ ಎಳಕೊಂಡು ಬಂದೆ. ಹಗ್ಗ ಟೊಂಕದಾಗ ಇತ್ತು.

"ಬುದ್ಧಿ ಎಲ್ಲಿ ಇಟ್ಟು ಬಂದೀರಿ? ಟೊಂಕಕ್ಕ ಕಟ್ಟಿದ್ರ ತಲಿ ತಳಕ್ಕ ಹೋಗತೈತ್ರಿ!" ಅಂತ ಚೀರಿದೆ.

ಸಾವಕಾರರು ನೀರು ಕಾರಿ, ಮೊದಲ ಎದಿ ಮ್ಯಾಲಿನ ಇಷ್ಟಲಿಂಗ ಮುಟ್ಟಿ ನೋಡಿಕೊಂಡರು. "ಇದರ ಮ್ಯಾಲೆ ಹಗ್ಗ ಹೆಂಗ ಬಿಗೀಲಿ ಕಾಡಪ್ಪಾ?"

ತೊಯ್ದ ಅಂಗಿ ತೋಳು ಏರಿಸಿ ರಟ್ಟಿ ತೋರಿಸಿದೆ. ನನ್ನ ಇಷ್ಟಲಿಂಗ ಅಲ್ಲಿತ್ತು. ನೀರಿಗೆ ಇಳಿಯೋವಾಗ ನಮ್ಮಪ್ಪನೂ ರಟ್ಟಿಗೇ ಕಟ್ಟಿಕೊಳ್ಳತಿದ್ದ.

ಸಾವಕಾರರು ನೋಡೇ ನೋಡಿದರು. ಅವರ ಹಲ್ಲು ಕಟಕಟ ಅನ್ನತಿದ್ದವು.

"ಬುರುಡಿ ಹತ್ತು ತೋರಿಸಿದೆಲ್ಲೋ. ಇದೊಂದು ತೋರಿಸಬಾರದಿತ್ತಾ?"