ಅರಿಶಿನವೇ ಇರಬೇಕು

ಬೋರು ಕೊರೆಸಿದ ಮಾರನೆಯ ಬೆಳಿಗ್ಗೆ ಟಿ. ದಾಸರಹಳ್ಳಿಯ ಆ ಜಾಗಕ್ಕೆ ಹೋದರೆ, ನನ್ನ ಮೂರನೇ ನಂಬರ್ ಪೈಪಿಗೆ ಸೇವಂತಿಗೆ ಹಾರ ಬಿದ್ದಿತ್ತು. ಸುತ್ತ ರಂಗೋಲಿ, ಊದುಬತ್ತಿ, ಒಡೆದ ತೆಂಗಿನಕಾಯಿ. ನಾನು ಬಿಗಿಯಾಗಿ ಹಾಕಿಹೋಗಿದ್ದ ಮುಚ್ಚಳ ಪಕ್ಕದಲ್ಲಿ ಆರಾಮಾಗಿ ಕೂತಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಬೆಂದು ಬಂದವಳಿಗೆ ಅರ್ಧ ತಲೆ ಅಲ್ಲೇ ಕೆಟ್ಟಿತ್ತು. ಉಳಿದರ್ಧ ಇಲ್ಲಿ ಕೆಟ್ಟಿತು.

"ಯಾರ್ರೀ ಇದಕ್ಕೆ ಪೂಜೆ ಮಾಡಿದ್ದು?"

"ನಾನೇ ಕಣವ್ವ," ಎಂದರು ಸೊಣ್ಣಮ್ಮ. ಕಾಂಪೌಂಡಿನಾಚೆಯ ಮನೆಯವರು, ಈ ಜಾಗದ ಒಡತಿ, ಎಂಬತ್ತು ಮುಟ್ಟಿದವರು. "ಒಸಾ ಬೋರು. ಗಂಗಮ್ಮಂಗೆ ಅರಿಶಿನ ಕುಂಕುಮ ಕೊಡ್ದೆ ಅಂಗೇ ಬಿಡಾಕಾಯ್ತದಾ?"

"ಒಳಗೇನಾದ್ರೂ ಹಾಕಿದ್ರಾ?"

"ಒಂದ್ ಮುಷ್ಟಿ ಅರಿಶಿನ. ಆಮ್ಯಾಕೆ ಒಂದು ಎಳ್ನೀರು."

ನನ್ನ ಕೆಲಸ ನೆಲವನ್ನೂ ಅಂತರ್ಜಲವನ್ನೂ ಪರೀಕ್ಷಿಸುವುದು. ಈ ಬೋರು ಕುಡಿಯಲಿಕ್ಕಲ್ಲ, ಕೆಳಗಿನ ನೀರು ಇದ್ದದ್ದು ಇದ್ದ ಹಾಗೆ ಶೀಷೆಗೆ ಸಿಗಲೆಂದು ಕೊರೆಸಿದ್ದು. ಹೊರಗಿನದು ಒಂದು ಹನಿಯೂ ಬೀಳದಿರಲೆಂದು ನಾನು ಕೈಗವಸು ಬದಲಿಸಿ ಬದಲಿಸಿ ಸಾಯುತ್ತೇನೆ. ಇವರು ಮುಷ್ಟಿಗಟ್ಟಲೆ ಸುರಿದಿದ್ದರು. ಬೈಯೋಣವೆಂದರೆ ಅಜ್ಜಿ ಆಗಲೇ ನನ್ನ ಕೈಗೆ ಬಾಳೆಹಣ್ಣು, ಸಕ್ಕರೆ ಹಾಕಿಯಾಗಿತ್ತು.

ಇಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗೆ ಒಂದು ಕಾರ್ಖಾನೆಯಿತ್ತು. ನಲ್ಲಿಗಳಿಗೂ ಬಾಗಿಲ ಹಿಡಿಗಳಿಗೂ ಕ್ರೋಮ್ ಹೊಳಪು ಕೊಡುತ್ತಿದ್ದರು. ಅದು ಮುಚ್ಚಿ, ಶೆಡ್ಡು ಕೆಡವಿ, ಈಗ ಅಜ್ಜಿಯ ಮೊಮ್ಮಗ ಅಶ್ವತ್ಥ್ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಿದ್ದ. ಮಣ್ಣು, ನೀರು ಚೆನ್ನಾಗಿದೆಯೆಂಬ ವರದಿ ಅವನಿಗೆ ಬೇಕಿತ್ತು.

ನನ್ನನ್ನು ಕೊರೆಯುತ್ತಿದ್ದುದು ಬೇರೆ. ಕಾಂಪೌಂಡಿಗೆ ಅಂಟಿಕೊಂಡೇ ಅಜ್ಜಿಯ ಮನೆಯ ಬೋರಿತ್ತು. ಅದರ ನಲ್ಲಿಯನ್ನು ಅವರು ಬೀದಿಗೇ ಬಿಟ್ಟಿದ್ದರು. ನಲವತ್ತು ಮನೆಯವರು ಅಲ್ಲಿ ಪುಕ್ಕಟೆ ಕೊಡ ತುಂಬಿಕೊಳ್ಳುತ್ತಿದ್ದರು. ಕಾರ್ಖಾನೆಯ ವಿಷ ನೆಲಕ್ಕೆ ಇಳಿದಿದ್ದರೆ ಅದು ಗೋಡೆ ನೋಡಿ ನಿಲ್ಲುವುದಿಲ್ಲ. ಆದರೆ ಏನು ಕಂಡರೂ ಅಶ್ವತ್ಥನಿಗೆ ಮಾತ್ರ ಹೇಳಬೇಕೆಂದು ನಮ್ಮ ಕಂಪನಿಯ ಒಪ್ಪಂದವಿತ್ತು.

ಸಣ್ಣ ಪಂಪು ಇಳಿಸಿದೆ. ಪೈಪಿನಲ್ಲಿ ನಿಂತ ನೀರಿನ ಮೂರು ಪಟ್ಟು ಎತ್ತಿ ಚೆಲ್ಲಿದರೆ ಸಾಮಾನ್ಯವಾಗಿ ಮೇಲೆ ಬಿದ್ದ ಕಸವೆಲ್ಲ ಹೋಗುತ್ತದೆ. ಬಕೆಟ್ಟಿಗೆ ಬಂದ ನೀರು ಹಳದಿಯಾಗಿತ್ತು. ಹೊಳಪು ಕೊಡಲು ಬಳಸುವ ವಿಷದ ಕ್ರೋಮಿಯಂ ಸೇರಿದ ನೀರೂ ಹಳದಿಯೇ.

"ಅರಿಶಿನ ಮೇಡಂ, ಅರಿಶಿನ!" ಅಶ್ವತ್ಥ್ ನಕ್ಕ. "ನಮ್ಮಜ್ಜಿ ಎಫೆಕ್ಟು. ಹಂಗೇ ಬರ್ಕೊಂಬಿಡಿ."

ಅರಿಶಿನವೇ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅರಿಶಿನವೇ ಆಗಿರಲಿ ಎಂದು ಬೇಡಿಕೊಂಡೆ. ಮೂರು ಪಟ್ಟು ಚೆಲ್ಲಿದೆ, ಹಳದಿ. ಐದು ಪಟ್ಟು, ಹಳದಿ. ಮಧ್ಯಾಹ್ನ ಅಜ್ಜಿ ಕಳಿಸಿದ ಮುದ್ದೆ, ಸೊಪ್ಪಿನ ಸಾರು ಉಂಡು ಬಂದು ಮತ್ತೆ ಪಂಪು ಹಾಕಿದೆ. ಅದೇ ಹಳದಿ.

"ಅಜ್ಜಿ, ನಿಜವಾಗ್ಲೂ ಒಂದೇ ಮುಷ್ಟಿನಾ?"

ಸೊಣ್ಣಮ್ಮನಿಗೆ ಸಿಟ್ಟು ಬಂತು. "ದೇವ್ರ ಕೆಲ್ಸದಾಗೆ ಸುಳ್ಳೇಳ್ತೀನಾ? ಅರಿಶಿನ ಔದೋ ಅಲ್ವೋ ಈಗ್ಲೇ ತೋರುಸ್ತೀನಿ ತಡಿ. ಅದ್ಕೆ ನಿನ್ನ ಶೀಷೆ ಗೀಷೆ ಏನೂ ಬ್ಯಾಡ."

ಒಳಗೆ ಹೋಗಿ ಎರಡು ಗಾಜಿನ ಲೋಟ, ಅರಿಶಿನದ ಡಬ್ಬಿ, ಎಲೆಯಡಿಕೆಯ ಸುಣ್ಣ ತಂದರು. ಒಂದು ಲೋಟಕ್ಕೆ ಮನೆಯ ನೀರು ಹಾಕಿ ಚಿಟಿಕೆ ಅರಿಶಿನ ಕದಡಿದರು. ಸುಣ್ಣ ಬಿದ್ದ ಕೂಡಲೇ ಅದು ಕೆಂಪಗಾಯಿತು. ಮದುಮಕ್ಕಳಿಗೆ, ಬಾಣಂತಿಯರಿಗೆ ಆರತಿ ಎತ್ತುವ ನೀರು. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಐದು ವರ್ಷ ರಸಾಯನಶಾಸ್ತ್ರ ಓದಿದ ನನಗೆ ಮಾತ್ರ ಹೊಳೆದಿರಲಿಲ್ಲ.

ಎರಡನೇ ಲೋಟಕ್ಕೆ ನನ್ನ ಬಕೆಟ್ಟಿನ ನೀರು ತುಂಬಿದರು. ಸುಣ್ಣ ಹಾಕಿ ಕಲಕಿದರು. ಹಳದಿ ಹಳದಿಯಾಗೇ ಉಳಿಯಿತು. ಇನ್ನಷ್ಟು ಸುಣ್ಣ ಹಾಕಿದರು. ಆಗಲೂ ಕೆಂಪಾಗಲಿಲ್ಲ.

ಅಜ್ಜಿ ಲೋಟವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಂದಲ್ಲ," ಎಂದರು ಮೆಲ್ಲಗೆ. "ಕಾರ್ಖಾನೆದು."

ನಾನು ಹೌದೆಂದು ತಲೆಯಾಡಿಸಿದೆ.

"ನನ್ನ ಬೋರು?"

"ಲ್ಯಾಬಿಗೆ ಕಳಿಸ್ಬೇಕು ಅಜ್ಜಿ. ನಾಲ್ಕು ದಿನ ಆಗುತ್ತೆ."

"ನನ್ನ ನೀರು ಬೆಳ್ಳಗದೆ."

"ಸ್ವಲ್ಪ ಇದ್ರೆ ಬಣ್ಣ ಕಾಣಲ್ಲ."

ಸಂಜೆ ನಾಲ್ಕಾಗಿತ್ತು. ಗೋಡೆಯಾಚೆ ಕೊಡಗಳ ಸದ್ದು ಶುರುವಾಯಿತು. ಅಜ್ಜಿ ಸೆರಗು ಸಿಕ್ಕಿಸಿ ಹೊರಟರು. ಅಶ್ವತ್ಥ್ ಅಡ್ಡ ನಿಂತ. "ಅಜ್ಜಿ, ರಿಪೋರ್ಟ್ ಬರ್ಲಿ ಸುಮ್ನಿರು. ಈಗ್ಲೇ ಜನಕ್ಕೆ ಗೊತ್ತಾದ್ರೆ ಒಂದ್ ಫ್ಲ್ಯಾಟೂ ಹೋಗಲ್ಲ ಕಣಜ್ಜಿ."

"ನಾಕು ದಿನ ಅವ್ರಿಗೆ ಏನ್ ಕುಡ್ಸ್‌ಲಿ? ನಿನ್ನ ರಿಪೋರ್ಟಾ?"

ನಲ್ಲಿಯ ಬಳಿ ಮೊದಲು ನಿಂತಿದ್ದವಳು ಜಾಹಿದಾ, ಎದುರುಮನೆಯ ಹೆಂಗಸು. ಸೊಂಟದ ಮೇಲೆ ಎರಡು ವರ್ಷದ ಮಗಳು. ಅಜ್ಜಿ ನಲ್ಲಿ ತಿರುಗಿಸಿ ನಿಲ್ಲಿಸಿ, ಅವಳ ತುಂಬಿದ ಕೊಡವನ್ನು ಚರಂಡಿಗೆ ಬಗ್ಗಿಸಿಬಿಟ್ಟರು.

"ಯಾರೂ ಕುಡೀಬ್ಯಾಡಿ. ಕಾರ್ಖಾನೆ ವಿಷ ಸೇರಿರ್ಬೌದು."

ಎಲ್ಲರೂ ಅಶ್ವತ್ಥನ ಮುಖ ನೋಡಿದರು. ಅವನು ನನ್ನ ಕಡೆ ಕೈ ತೋರಿಸಿದ. "ಇನ್ನೂ ಕನ್ಫರ್ಮ್ ಆಗಿಲ್ಲ. ನೀವೇ ಹೇಳಿ ಧನುಶ್ರೀ ಮೇಡಂ."

ಬೆಳಿಗ್ಗೆಯಿಂದ ಬಾಯಿ ಹೊಲಿದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಕೆಲಸ ಹೋದರೆ ಹೋಗಲಿ ಎನ್ನಿಸಿತು.

"ಅಜ್ಜಿ ಹೇಳಿದ್ದು ಸರಿ," ಎಂದೆ. "ಕುಡೀಬೇಡಿ. ಅಡುಗೆಗೂ ಬೇಡ. ಕಾಯಿಸಿದ್ರೂ ಹೋಗಲ್ಲ."

ಗುಂಪಿನಲ್ಲಿ ಗದ್ದಲವೆದ್ದಿತು. ಜಾಹಿದಾ ಮಾತ್ರ ಮಗಳನ್ನೇ ನೋಡುತ್ತಿದ್ದಳು. ಸೊಣ್ಣಮ್ಮ ಅವಳೆದುರು ನಿಂತರು.

"ಕಾರ್ಖಾನೆಯೋರ್ಗೆ ಜಾಗ ಕೊಟ್ಟೋಳೂ ನಾನೇ, ನಿಂಗೆ ನೀರು ಕೊಟ್ಟೋಳೂ ನಾನೇ. ಬೈಯಂಗಿದ್ರೆ ಬೈದ್ಬಿಡವ್ವ."

ಜಾಹಿದಾ ಬೈಯಲಿಲ್ಲ. ಖಾಲಿ ಕೊಡ ಕೆಳಗಿಟ್ಟು, ಅಜ್ಜಿಯ ಒದ್ದೆ ಕೈ ಹಿಡಿದುಕೊಂಡಳು.

"ಅಜ್ಜಿ, ನೀವೂ ಇದೇ ಅಲ್ವಾ ಕುಡಿದಿದ್ದು?"